ಹಾಡೋರ ಹೆಸರು ಎಲ್ಲೈತ್ರಿ?

ಇದು ಸ್ವಲ್ಪ ಉದ್ದ ಆಗತೈತಿ, ಮಾಳಿಗಿ ಮ್ಯಾಲ ಹಾಸಿಗಿ ಹಾಕ್ಕೊಂಡು ನಿದ್ದಿ ಬರದ ಹೊಳ್ಳಾಡೋರು ಇದ್ರ ಓದ್ರಿ. ನಮ್ಮ ವಿಜಯಪುರದಾಗ ಹಗಲಿ 41, 42 ಡಿಗ್ರಿ ನಡದೈತಿ, ಮಧ್ಯಾಹ್ನ ಗಾಂಧಿ ಚೌಕದಾಗ ನಾಯಿ ಸೈತ ಹೊರಗ ಕಾಣೂದಿಲ್ಲ, ಆದ್ರ ನಾ ಕೆಲಸ ಮಾಡೋ ಪ್ರಿಂಟಿಂಗ್ ಪ್ರೆಸ್ಸಿಗೆ ಇದ ಸುಗ್ಗಿ. ಯುಗಾದಿಯಿಂದ ಜೂನಿನ ಮಿರಗದ ಮಳಿ ಬೀಳೋತನಕ ನಮಗ ಊಟಕ್ಕ ಹೊತ್ತಿಲ್ಲ. ಮದವಿ ಕಾರ್ಡು ಬರತಾವ, ಹಳ್ಳಿ ಜಾತ್ರಿ ನಾಟಕದ ಹ್ಯಾಂಡ್‌ಬಿಲ್ ಬರತಾವ, ಸಿಟಿ ಒಳಗ ನಡಿಯೋ ಜಯಂತಿ, ಉತ್ಸವ, ಮಕ್ಕಳ ಶಿಬಿರದ ಸಮಾರೋಪ, ಜಾನಪದ ಸಂಜೆ ಅಂತ ನೂರಾ ಎಂಟು ಕಾರ್ಯಕ್ರಮದ ಆಮಂತ್ರಣ ಪತ್ರಿಕಿ ಬರತಾವ. ಕಂಪ್ಯೂಟರ್ ಮುಂದ ಕುಂತು ಇವನ್ನೆಲ್ಲಾ ಜೋಡಸಾಂವ ನಾನ. ಹಿಂಗಾಗಿ ಈ ಊರಾಗ ಬ್ಯಾಸಗಿಗೆ ಏನೇನ್ ಆಗತೈತಿ ಅನ್ನೂದು ಎಲ್ಲಾರಕಿಂತ ಮೊದಲ ನನಗ ಗೊತ್ತಾಗತೈತಿ.

ಹಳ್ಳಿ ನಾಟಕದ ಹ್ಯಾಂಡ್‌ಬಿಲ್ ನೋಡೀರೇನು? ಗುಲಾಬಿ, ಹಳದಿ ಕಾಗದ, ಮ್ಯಾಲ ಊರ ದೇವರ ಫೋಟೋ, ಒಪ್ಪೀನ್ರಿ, ಅದರಾಗೂ ದೇಣಿಗಿ ಕೊಟ್ಟೋರ ಹೆಸರು ಒಂದು ಬಾಜು ತುಂಬಿರತಾವ. ಆದ್ರ ತಿರುವಿದ್ರ ಪಾತ್ರ ಪರಿಚಯ ಅಂತ ಇರತೈತಿ, ಗೌಡನ ಪಾರ್ಟು ಯಾರದು, ಕಳ್ಳನ ಪಾರ್ಟು ಯಾರದು, ಅಮೀನಗಡ, ಇಳಕಲ್ಲ ಕಡಿಂದ ಬರೋ ನಟಿಯರ ಹೆಸರು ಫೋಟೋ ಸಮೇತ, ಪೇಟಿ ಮಾಸ್ತರ, ತಬಲಾ, ಕ್ಯಾಸಿಯೋ, ರಂಗಸಜ್ಜಿಕಿ ತಂದಾಂವ, ಪರದೆ ಹಿಂದ ನಿಂತು ಮಾತು ಹೇಳಿಕೊಡಾಂವ, ಒಬ್ಬರನ್ನೂ ಬಿಟ್ಟಿರೂದಿಲ್ಲ. ಒಂದು ಹೆಸರು ತಪ್ಪಿ ಬಿದ್ರ ಪೂರಾ ಗೆಳೆಯರ ಬಳಗ ಟಂಟಂ ಆಟೋ ಮಾಡಿಕೊಂಡು ಪ್ರೆಸ್ಸಿಗೆ ಬರತೈತಿ, ಅಣ್ಣಾರ ನಮ್ಮ ಹುಡುಗನ ಹೆಸರು ಬಿಟ್ಟೈತಿ ಅಂತ, ನಾವು ಮತ್ತ ಹೊಸಾ ಪ್ಲೇಟು ಮಾಡತೀವಿ.

ಈಗ ಸಿಟಿ ಆಮಂತ್ರಣ ಪತ್ರಿಕಿಗೆ ಬರೂಣು. ದಪ್ಪ ಆರ್ಟ್ ಪೇಪರ್, ನಾಕು ಬಣ್ಣ. ದಿವ್ಯ ಸಾನಿಧ್ಯ, ಘನ ಉಪಸ್ಥಿತಿ, ಉದ್ಘಾಟಕರು, ಜ್ಯೋತಿ ಬೆಳಗಿಸುವವರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ವಿಶೇಷ ಆಮಂತ್ರಿತರು. ಹೋದ ವಾರ ಜೋಡಿಸಿದ ಒಂದರಾಗ ನಾ ಎಣಿಸಿದೆ, 46 ಹೆಸರು. ಕಡೀಕ ಮಡಚೋ ಗೆರಿ ಹತ್ತರ ಸಣ್ಣ ಅಕ್ಷರದಾಗ ಒಂದ ಸಾಲು, “ನಂತರ ಸ್ಥಳೀಯ ಕಲಾವಿದರಿಂದ ಸಾಂಸ್ಕೃತಿಕ ಕಾರ್ಯಕ್ರಮ”. ಯಾರು ಹಾಡೋರು, ಯಾವೂರಿಂದ ಬರತಾರ, ಏನ್ ಹಾಡತಾರ, ಏನೂ ಇಲ್ಲ. ಜನ ಬರೂದ ಅವರ ಸಲುವಾಗಿ, ಕಾರ್ಯಕ್ರಮದ ಹೆಸರ ಜಾನಪದ ಸಂಜೆ, ಆದ್ರ ಹಾಡೋರು ಪತ್ರಿಕಿದಾಗ ಇಲ್ಲ! ನಾ 14 ವರ್ಷದಿಂದ ಈ ಸಾಲು ಟೈಪ್ ಮಾಡಲಾಕತ್ತೀನಿ, ಹೋದ ವರ್ಷದ ತನಕ ಅದರಾಗ ತಪ್ಪೈತಿ ಅಂತ ನನಗೂ ಹೊಳದಿದ್ದಿಲ್ಲ.

ಹೋದ ವರ್ಷ ಮೇ ತಿಂಗಳಾಗ ಅಂಥಾದ ಒಂದು ಕಾರ್ಯಕ್ರಮಕ್ಕ ಹೋಗಿದ್ದೆ, ಯಾರು ಮಾಡಿದ್ರು ಅಂತ ಹೆಸರು ಬ್ಯಾಡ. ಇಂಡಿ ಕಡಿಂದ ಒಂದು ಗೀಗೀ ಮೇಳ ಬಂದಿತ್ತು. ಮುಂದ ಹಾಡಾಕಿ ಒಬ್ಬ ಅವ್ವ, ಅರವತ್ತರ ಮ್ಯಾಲ ಇರಬೇಕು, ಹಿಂದ ತಾಳ, ತುಂತುಣಿ ಹಿಡದ ಇಬ್ಬರು ಗಂಡಸರು. ನಾಕಕ್ಕ ಬರ್ರಿ ಅಂದಿದ್ರಂತ, ನಾಕಕ್ಕ ಬಂದಾರ. ಶಾಮಿಯಾನದ ಕೆಳಗ ಕುಂದ್ರಲಾಕ ಆಗದಂಥ ಝಳ, ಅವರು ಕಂಪೌಂಡಿನ ಬೇಂವಿನ ಗಿಡದ ಬುಡಕ ಕುಂತಿದ್ರು. ಉದ್ಘಾಟನೆ ಆರೂವರಿಗೆ ಆತು. ಆಮ್ಯಾಲ ಸನ್ಮಾನ, ಭಾಷಣ, ಮತ್ತ ಸನ್ಮಾನ, ಬಂದ ಅತಿಥಿಗೋಳು ಒಬ್ಬೊಬ್ಬರ ಎದ್ದು ಹೋದ್ರು, ಸಿನಿಮಾ ಹಾಡಿಗೆ ಹುಡುಗರ ಡಾನ್ಸ್ ಆತು. ಮೇಳಕ್ಕ ಪಾಳಿ ಬಂದಾಗ ಒಂಬತ್ತು ನಲವತ್ತು. ಹತ್ತಕ್ಕ ಮೈಕ್ ಬಂದ್ ಮಾಡಬೇಕು, ಎರಡ ಪದಾ ಹಾಡಿ ಮುಗಸ್ರೀ ಅಂದ್ರು. ನಿರೂಪಣೆ ಮಾಡಾಕಿ ಕೈಯಾಗಿನ ಚೀಟಿದಾಗ ಹೆಸರಿಲ್ಲ, “ಈಗ ಗೀಗೀ ಪದ ತಂಡದವರಿಂದ” ಅಂದು ಕೆಳಗಿಳದ್ಲು.

ಆ ಅವ್ವ ಏನ್ ಮಾಡಿದ್ಲು ಗೊತ್ತೈತೇನು. ಸೆರಗು ಸೊಂಟಕ್ಕ ಕಟ್ಟಿ, ದಪ್ಪು ಎಡಗೈಗೆ ತಗೊಂಡು, ಬಾರಿಸೋಕಿಂತ ಮೊದಲ ಮೈಕಿಗೆ ಬಾಯಿ ಹಚ್ಚಿ ತನ್ನ ಹೆಸರು ಹೇಳಿದ್ಲು, ಕಲಿಸಿದ ಗುರುವಿನ ಹೆಸರು ಹೇಳಿದ್ಲು, ಊರ ಹೆಸರು ಹೇಳಿದ್ಲು, ಹಿಂದ ನಿಂತ ಇಬ್ಬರ ಹೆಸರೂ ಹೇಳಿದ್ಲು. ಆಮ್ಯಾಲ ಪದ ಎತ್ತಿದ್ಲು. ಖಾಲಿ ಕುರ್ಚಿ ನಡುವ ನಾವೊಂದು ಐವತ್ತು ಜನ ಇದ್ದಿವೇನೋ. ಐದೂವರಿ ತಾಸು ಬೇಂವಿನ ಗಿಡದ ಬುಡಕ ನೀರು ಕುಡಕೋಂತ ಕುಂತ ಆ ಜೀವದ ಧ್ವನಿ ಹೆಂಗ ಏರಿತು ಅಂದ್ರ ನನ್ನ ಮೈಯಾಗ ಮುಳ್ಳೆದ್ದುವು. ಹೋಗೋಮುಂದ ಸಂಭಾವನಿ ಕೇಳಿದ್ರ ಖಾತೆಕ್ಕ ಹಾಕತೀವಿ ಅಂದ್ರಂತ. ಬಂದ ಟಂಟಂ ಬಾಡಿಗಿ ಅವರ ಕಿಸೆದಿಂದನ ಕೊಟ್ಟಾರ. ಆ ಪತ್ರಿಕಿ ಜೋಡಿಸಿದಾಂವ ನಾನ, ಸ್ಥಳೀಯ ಕಲಾವಿದರು ಅಂತ ಟೈಪ್ ಮಾಡಿದ ಕೈ ನಂದ. ಆವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ.

ನಮ್ಮ ಲಾವಣಿ, ಗೀಗೀ ಪದ ಕೇಳಿದೋರಿಗೆ ಗೊತ್ತಿರತೈತಿ, ಪದದ ಕಡೀ ನುಡಿದಾಗ ಊರ ಹೆಸರು, ಗುರುವಿನ ಹೆಸರು, ಕವಿ ಹೆಸರು ಕಟ್ಟಿರತಾರ. ಹಲಸಂಗಿ ಖಾಜಾಭಾಯಿ ಅಂತ ಲಾವಣಿ ಕವಿ ಹೆಸರು ಇವತ್ತೂ ನಮ್ಮ ಬಾಯಾಗ ಬರತೈತಿ ಅಂದ್ರ ಹಾಡಿನೊಳಗ ಹೆಸರು ಉಳಕೊಂಡ ಬಂದದ್ದಕ್ಕ. 1930ರ ದಶಕದಾಗ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಹಲಸಂಗಿ ಗೆಳೆಯರು ನಮ್ಮ ಜಿಲ್ಲಾದ ಹಳ್ಳ್ಯಾಗಿನ ಗರತಿಯರ ಹಾಡು, ಲಾವಣಿ ಬರಕೊಂಡು ಪುಸ್ತಕ ಮಾಡಿದ್ರು, ಇಡೀ ಕನ್ನಡ ನಾಡು ಈ ಕಡಿ ತಿರುಗಿ ನೋಡಿತು. ಇನ್ನೂ ಹಿಂದಕ್ಕ ಹೋದ್ರ ಇಬ್ರಾಹಿಂ ಆದಿಲ್‌ಶಾಹಿ, ಎರಡನೇ ಇಬ್ರಾಹಿಂ, 1580ರಿಂದ 1627ರ ತನಕ ವಿಜಯಪುರ ಆಳಿದಾಂವ, ಜಗದ್ಗುರು ಬಾದಶಹಾ ಅಂತ ಜನ ಕರೀತಿದ್ರು. ದಖನಿ ಭಾಷೆದಾಗ ಹಾಡು ಬರದ, ಸರಸ್ವತಿನ್ನ ನೆನದ, ಸಂಗೀತಕ್ಕಂತ ತೊರವಿ ಬಾಜು ನವರಸಪುರ ಅಂತ ಊರ ಕಟ್ಟಲಾಕ ಹೊಂಟ. ಆತನ ತಂಬೂರಿಗೆ ಒಂದು ಹೆಸರಿತ್ತು, ಮೋತಿಖಾನ್. ತಂಬೂರಿಗೆ ಹೆಸರಿಟ್ಟು ಮಾನ ಕೊಟ್ಟ ಊರ್ರೀ ಇದು. ಗೋಳಗುಮ್ಮಟದ ಎದುರು ಮ್ಯೂಸಿಯಂ ಐತೆಲ್ಲಾ, ಅದು ನಕ್ಕರಖಾನೆ, ನಗಾರಿ ಬಾರಿಸೋರ ಸಲುವಾಗಿ ಕಟ್ಟಿಸಿದ ಕಟ್ಟಡ. ರಂಗಮಂದಿರಕ್ಕ ನಾವು ಕಂದಗಲ್ಲ ಹನುಮಂತರಾಯರ ಹೆಸರಿಟ್ಟೀವಿ, ನಾಟಕ ಬರದೋರ ಹೆಸರು. ಅಂಥಾ ಊರಾಗ ದಪ್ಪು ಹಿಡದ ಅವ್ವನ ಹೆಸರಿಗೆ ಅರ್ಧ ಸಾಲು ಜಾಗ ಇಲ್ಲ ಅಂದ್ರ ಹೊಟ್ಟಿ ಉರಿತೈತಿ.

ಇದು ಬರೇ ಮಾನದ ಮಾತ ಅಲ್ಲ, ಅನ್ನದ ಮಾತೂ ಹೌದು. ವಯಸ್ಸಾದ ಕಲಾವಿದರಿಗೆ ಸರಕಾರ ಮಾಸಾಶನ ಕೊಡತೈತಿ. ಅರ್ಜಿ ಹಾಕೋಮುಂದ ಇಷ್ಟು ವರ್ಷ ನಾ ಕಲಾಸೇವೆ ಮಾಡೀನಿ ಅನ್ನೂದಕ್ಕ ದಾಖಲಿ ಕೊಡಬೇಕು, ಪ್ರಮಾಣಪತ್ರ, ಫೋಟೋ, ಹಳೇ ಪತ್ರಿಕಿ. ಓದು ಬರಹ ಇಲ್ಲದ ಹೆಣ್ಣಮಗಳು, ನಲವತ್ತು ವರ್ಷ ಊರೂರು ತಿರುಗಿ ಹಾಡ್ಯಾಳ, ಹಾಡಿದ್ದಕ್ಕ ಸಾಕ್ಷಿ ಏನ್ ತೋರಿಸಬೇಕು? ನಿಮ್ಮ ಪತ್ರಿಕಿದಾಗ ಸ್ಥಳೀಯ ಕಲಾವಿದರು ಅಂತ ಐತಿ. ನಮ್ಮ ಪ್ರೆಸ್ಸಿಗೇ ಕರಡಿ ಅನ್ನೋ ವಾದ್ಯ ಬಾರಿಸೋ ಒಬ್ಬ ಕರಡಿಮಜಲಿನ ಮುತ್ಯಾ ಬಂದಿದ್ದ, ಹಳೇ ಪತ್ರಿಕಿ ಇದ್ರ ಕೊಡ್ರೀ ಅಪ್ಪಾ ಅಂತ. ಗೋದಾಮಿನಾಗ ಎರಡು ದಿನ ಹುಡುಕಿ ಹದಿಮೂರು ಪತ್ರಿಕಿ ತಗದೆ, ಅವೆಲ್ಲಾ ಕಾರ್ಯಕ್ರಮದಾಗ ಅಂವ ಬಾರಿಸ್ಯಾನ, ಎರಡರಾಗ ಅಷ್ಟ ಆತನ ಹೆಸರಿತ್ತು. ಆ ಎರಡೂ ಹಳ್ಳಿ ಜಾತ್ರಿ ಹ್ಯಾಂಡ್‌ಬಿಲ್. ಮುತ್ಯಾ ಅವನ್ನ ಪಂಚೆದ ತುದಿಗೆ ಮಡಚಿ ಕಟ್ಟಿಕೊಂಡು ಹೋದ.

ಕೆಲವರು ಅಂತಾರ, ಈಗಿನ ಜನಕ್ಕ ಇದೆಲ್ಲಾ ಬೇಕಾಗಿಲ್ಲ, ಮೊಬೈಲ್ ಸಾಕು, ಕುರ್ಚಿ ಖಾಲಿ ಇರತಾವ ಅಂತ. ನಾ ಒಪ್ಪೂದಿಲ್ಲ. ಕುರ್ಚಿ ಖಾಲಿ ಇರೂದು ಸಂಜೀ ನಾಕೂವರಿ ಬಿಸಲಾಗ ಕರದದ್ದಕ್ಕ, ಮೂರು ತಾಸು ಭಾಷಣ ಇಟ್ಟದ್ದಕ್ಕ. ಈ ವರ್ಷ ಹೋಳಿ ಹುಣ್ಣಿವಿ ಆದ ಹದಿನೈದು ದಿನಕ್ಕ ನಮ್ಮ ಓಣಿ ಹನಮಂದೇವರ ಗುಡಿ ಕಟ್ಟಿಗೆ ಹರದೇಶಿ ನಾಗೇಶಿ ಇಟ್ಟಿದ್ರು. ಗೊತ್ತಿಲ್ಲದೋರಿಗೆ ಹೇಳತೀನಿ, ಎರಡು ಮೇಳ ಎದರಾಬದರಾ ಕೂಡತಾವ, ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಅಂತ ಹಾಡತಾರ, ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಅಂತ ಜವಾಬು ಕೊಡತಾರ, ಪುರಾಣ, ವಚನ, ಒಕ್ಕಲತನ, ಮನಿ ಜಗಳ ಎಲ್ಲಾ ಅದರಾಗ ಬರತಾವ. ಸ್ಟೇಜ್ ಇಲ್ಲ, ಶಾಮಿಯಾನ ಇಲ್ಲ, ಒಂದು ಜಮಖಾನಿ, ಎರಡು ಬಲ್ಬು. ಹೆಣ್ಣಮಕ್ಕಳು ಅಡಗಿ ಮುಗಿಸಿ, ಕೂಸುಗಳನ್ನ ಎತ್ತಿಕೊಂಡು, ಚಾಪಿ ತಗೊಂಡು ಬಂದು ಕುಂತ್ರು. ಹರದೇಶಿಯಾಂವ ಬೀಜ ಇಲ್ಲದ ಭೂಮಿ ಏನ್ ಬೆಳದೀತು ಅಂತ ಎಸದ. ನಾಗೇಶಿ ಹೆಣ್ಣಮಗಳು ತಡಾನ ಮಾಡಲಿಲ್ಲ, ನಿನ್ನ ಬೀಜ ಗಾಳ್ಯಾಗ ತೂರಿ ನೋಡು ಯಾವ ಹೊಲದ ಹೆಸರು ಹೇಳತೀದಿ ಅಂತ ಎತ್ತಿದ್ಲು, ಕುಂತ ಹೆಣ್ಣಮಕ್ಕಳೆಲ್ಲಾ ಹೋ ಅಂತ ಕೂಗಿ ಚಪ್ಪಾಳಿ ಹೊಡದ್ರು. ನಮ್ಮ ಬಾಜೂಮನಿ ಆಯಿ ಎಲಿಅಡಕಿ ಚೀಲ ಬಿಚ್ಚಿ ಹತ್ತು ರೂಪಾಯಿ ಆಯೇರಿ ಮಾಡಿದ್ಲು. ಹಾಡಾಕಿ ಪದ ನಿಲ್ಲಿಸಿ ಆಯಿ ಹೆಸರು ಕೇಳಿ, ಓಣಿಗೆಲ್ಲಾ ಕೇಳೋಹಂಗ ಹೇಳಿ, ಶಿವಾ ನಿಮ್ಮ ಮನಿ ತಣ್ಣಗ ಇಡಲಿ ಅಂತ ಹರಸಿ ಮತ್ತ ಪದಕ್ಕ ಹೋದ್ಲು. ಹತ್ತು ರೂಪಾಯಿ ಕೊಟ್ಟೋರ ಹೆಸರು ಅವರು ಹಿಂಗ ಹೇಳತಾರ. ರಾತ್ರಿ ಒಂದಾದ್ರೂ ಯಾರೂ ಎದ್ದಿರಲಿಲ್ಲ.

ನನಗ ಅನಸತೈತಿ, ಈ ಕಲೆಗೋಳು ಬ್ಯಾಸಗಿ ರಾತ್ರಿಗಂತನ ಹುಟ್ಟ್ಯಾವ. ರಾಶಿ ಮುಗದಿರತೈತಿ, ಮಿರಗದ ತನಕ ಹೊಲದಾಗ ಅಷ್ಟೇನೂ ಕೆಲಸ ಇರೂದಿಲ್ಲ, ಮಕ್ಕಳಿಗೆ ಸೂಟಿ, ಮಗಳು ತವರಿಗೆ ಬಂದಿರತಾಳ, ಮ್ಯಾಲ ಆಕಾಶ ಇದ್ರ ಸಾಕು. ದಪ್ಪಿನ ಚರ್ಮ ಸೈತ ಒಣ ಗಾಳಿಗೆ ತಾನ ಬಿಗದಿರತೈತಿ, ಮಳಿಗಾಲದಾಗ ಅದನ್ನ ಘಳಿಗಿಗೊಮ್ಮೆ ಬೆಂಕಿಗೆ ಹಿಡೀಬೇಕು. ಬಾಗಲಕೋಟಿ, ಬೆಳಗಾವಿ ಕಡಿ ಶ್ರೀಕೃಷ್ಣ ಪಾರಿಜಾತದ ಆಟನೂ ಹಂಗ, ಗೊಲ್ಲತಿ ಬಂದು ಭಾಗವತನ ಜೋಡಿ ಮಾತಿಗೆ ನಿಂತಾಳಂದ್ರ ಬೆಳಗು ಹರಿಯೋದು ಗೊತ್ತಾಗೂದಿಲ್ಲ. ನಾವು ಸಿಟಿಯವರು ಇದನ್ನ ತಂದು ಹಗಲ ಬಿಸಲಾಗ, ಹದಿನೈದು ನಿಮಿಷದ ಐಟಂ ಮಾಡಿ ಸಾಯಿಸಲಾಕತ್ತೀವಿ.

ದೊಡ್ಡ ಉತ್ಸವ ಬ್ಯಾಡ ಅನ್ನೂದಿಲ್ಲ ನಾ. ನವರಸಪುರ ಉತ್ಸವ ಆಗಲಿ, ಮುಂಬಯಿ, ಬೆಂಗಳೂರಿಂದ ಹಾಡೋರು ಬರಲಿ, ನಾನೂ ಹೋಗಿ ಕೇಳತೀನಿ. ಆದ್ರ ಏಪ್ರಿಲ್, ಮೇ ಎರಡು ತಿಂಗಳು ವಾರಕ್ಕೊಂದು ಓಣಿ ಹಿಡದು, ರಾತ್ರಿ ಎಂಟಕ್ಕ ಶುರು ಮಾಡಿ, ಒಂದ ಮೇಳಕ್ಕ ಪೂರಾ ರಾತ್ರಿ ಕೊಟ್ಟು ನೋಡ್ರಿ. ಹತ್ತರ ಮ್ಯಾಲ ಮೈಕ್ ಇಲ್ಲಂದ್ರ ಬ್ಯಾಡ, ಓಣಿದಾಗ ಮೈಕ್ ಯಾಕ ಬೇಕು, ಆ ಧ್ವನಿಗೋಳು ಮೈಕ್ ಹುಟ್ಟೋಕಿಂತ ಮೊದಲಿನವು. ಬಯಲಾಗ ದೊಡ್ಡದ ಮಾಡತೀವಿ ಅಂದ್ರ 2000ದ ಶಬ್ದಮಾಲಿನ್ಯ ನಿಯಮದಾಗ ಸಾಂಸ್ಕೃತಿಕ, ಧಾರ್ಮಿಕ ಕಾರ್ಯಕ್ರಮಕ್ಕ ವರ್ಷಕ್ಕ 15 ದಿನ ಮೀರದಂಗ ರಾತ್ರಿ 12ರ ತನಕ ಸರಕಾರ ಸಡಿಲಿಕೆ ಕೊಡಬಹುದು ಅಂತ ಐತಿ, ಅದನ್ನ ಕೇಳಿ ತಗೋರಿ. ಉದ್ಘಾಟನೆ ಬೇಕಂದ್ರ ಹತ್ತು ನಿಮಿಷ. ಸಂಭಾವನಿ ಅವರು ಟಂಟಂ ಹತ್ತೋಕಿಂತ ಮೊದಲ ಕೈಯಾಗ. ಊಟ, ತಣ್ಣೀರು, ಹೆಣ್ಣಮಕ್ಕಳಿಗೆ ಬಟ್ಟಿ ಬದಲಿ ಮಾಡಲಾಕ ಒಂದು ಖೋಲಿ.

ಹೆಸರಿನ ಕೆಲಸ ನಾ ಶುರು ಮಾಡೀನ್ರಿ. ಈ ಯುಗಾದಿಯಿಂದ ನಮ್ಮ ಪ್ರೆಸ್ಸಿಗೆ ಯಾರ ಬಂದ್ರೂ, ಸ್ಥಳೀಯ ಕಲಾವಿದರು ಅಂತ ಬರಕೊಂಡ ಬಂದ್ರ, ಅವರ ಹೆಸರೇನು ಅಂತ ಕೇಳತೀನಿ. ಮಾಲಕರಿಗೆ ಮೊದಲ ಅಂಜಿಕಿ ಇತ್ತು, ಗಿರಾಕಿ ಬ್ಯಾರೇ ಕಡಿ ಹೋಗತಾರ ಅಂತ. ಹೋಗಿಲ್ಲ. ಹೆಚ್ಚಿನವರು ಪಾಪ, ಕೆಟ್ಟ ಮನಸ್ಸಿಲ್ಲ, ಯಾರೂ ಕೇಳಿರಲೇ ಇಲ್ಲ ಅಷ್ಟ. ನಿನ್ನೆ ಬಸವ ಜಯಂತಿ ಮೆರವಣಿಗಿ ಪತ್ರಿಕಿ ತಗೊಂಡ ಬಂದ ಹುಡುಗ ಅಲ್ಲೇ ನಿಂತು ಫೋನ್ ಹಚ್ಚಿದ, ಕಾಕಾ ನಿಮ್ಮ ಮೇಳದಾಗ ಯಾರ್ಯಾರು ಅದೀರಿ ಹೇಳ್ರಿ ಅಂದ, ಆ ಕಡಿಂದ ಒಂದು ಮುದಿ ಧ್ವನಿ ಹನ್ನೊಂದು ಹೆಸರು ಒಂದೊಂದ ಬಿಡಿಸಿ ಹೇಳಿತು, ಕರಡಿ ಬಾರಿಸೋರು, ಸನಾದಿ ಊದೋರು, ಚಳ್ಳಮ ಹಿಡಿಯೋರು. ನಾ ಟೈಪ್ ಮಾಡಿದೆ. ಒಂದರಾಗ ಇನಿಷಿಯಲ್ ತಪ್ಪಿತ್ತು, ತಿರುಗಿ ಫೋನ್ ಮಾಡಿ ತಿದ್ದಿಸಿದ್ರು.

ಅಂದಂಗ, ಬರೋ ಶನಿವಾರ ರಾತ್ರಿ ಎಂಟಕ್ಕ ನಮ್ಮ ಓಣಿ ಹನಮಂದೇವರ ಗುಡಿ ಕಟ್ಟಿಗೆ ಆ ಅವ್ವನ್ನ ಕರಸೀವಿ, ಇಂಡಿ ಕಡಿ ಅದ ಮೇಳ. ಓಣಿಯವರು ಪಟ್ಟಿ ಕೂಡಿಸ್ಯಾರ, ಸಂಭಾವನಿ ಲಕೋಟಿ ಈಗ ತಯಾರೈತಿ. ಪೋಸ್ಟರ್ ನಾನ ಮಾಡೀನಿ, ಆಕಿ ಹೆಸರು ಎಲ್ಲಾಕಿಂತ ಮ್ಯಾಲ, ದೊಡ್ಡ ಅಕ್ಷರದಾಗ, ಗುರುವಿನ ಹೆಸರು ಅದರ ಕೆಳಗ. ಕುರ್ಚಿ ಇರೂದಿಲ್ಲ, ಚಾಪಿ ತಗೊಂಡ ಬರ್ರಿ.