ದೊಡ್ಡೋರಿಗೆ ಯಾವಾಗ ಬರೀತೀರಾ?

ತುಮಕೂರಿನ ಕಲ್ಯಾಣ ಮಂಟಪಗಳಲ್ಲಿ ಊಟಕ್ಕೆ ಕೂತಾಗ, ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರಿಂದ ‘ಯಾವೂರಾಯ್ತು?’ ಬರುತ್ತದೆ. ಪಲ್ಯ ಬರುವ ಹೊತ್ತಿಗೆ ‘ಏನ್ ಮಾಡ್ಕಂಡಿದ್ದೀರಾ?’ ಬರುತ್ತದೆ. ತಿಪಟೂರಲ್ಲಿ ಕೊಬ್ಬರಿ ಮಂಡಿ ಎಂದರೆ ‘ಈಗೇನ್ ನಡೀತೈತೆ ರೇಟು?’ ಎನ್ನುತ್ತಾರೆ. ಮೇಷ್ಟ್ರು ಎಂದರೆ ‘ಯಾವ ಸ್ಕೂಲು?’ ಎನ್ನುತ್ತಾರೆ. ಕಾದಂಬರಿ ಬರೀತೀನಿ ಎಂದರೂ ಪರವಾಗಿಲ್ಲ, ‘ಓ, ಸಾಹಿತಿಗಳು’ ಎಂದು ಮೊಣಕೈ ಸ್ವಲ್ಪ ಒಳಗೆ ಎಳೆದುಕೊಂಡು ಜಾಗ ಕೊಡುತ್ತಾರೆ. ‘ಹೈಸ್ಕೂಲು, ಪಿಯುಸಿ ಹುಡುಗರು ಓದೋ ಕಾದಂಬರಿ’ ಎಂದು ಪೂರ್ತಿ ಹೇಳಿದರೆ ಮಾತ್ರ ಕೋಸಂಬರಿ ಬಾಯಿಗೆ ಹೋಗುವುದು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಆಮೇಲೆ ಮೊಣಕೈ ಮೊದಲಿದ್ದ ಜಾಗಕ್ಕೇ ಬರುತ್ತದೆ.

‘ಅಂದ್ರೆ... ನರಿ, ಕಾಗೆ, ಆ ಥರದ್ದಾ?’

ತಪ್ಪು ಅವರದಲ್ಲ. ಚಂದಮಾಮ ಓದಿ ಬೆಳೆದವರಿಗೆ ದೊಡ್ಡವರಲ್ಲದವರೆಲ್ಲ ಮಕ್ಕಳೇ. ಆದರೆ ಬರೆಯುವವರ ಲೆಕ್ಕ ಬೇರೆ. ಹುಡುಗರು ಯಾವಾಗಲೂ ತಮಗಿಂತ ಒಂದೆರಡು ವರ್ಷ ದೊಡ್ಡವರ ಬಗ್ಗೆ ಓದಲು ಬಯಸುತ್ತಾರೆ. ಎಂಟನೇ ಕ್ಲಾಸಿನವಳು ಹತ್ತನೇ ಕ್ಲಾಸಿನವಳ ಕತೆ ಓದುತ್ತಾಳೆ. ಹತ್ತನೇ ಕ್ಲಾಸಿನವನ ಕೈಗೆ ಏಳನೇ ಕ್ಲಾಸಿನ ನಾಯಕನನ್ನು ಕೊಟ್ಟು ನೋಡಿ, ತಂಗಿಗೆ ದಾಟಿಸಿಬಿಡುತ್ತಾನೆ. ಹಾಗಾಗಿ ಕಥಾನಾಯಕನ ವಯಸ್ಸು ಹದಿನೈದು, ಹದಿನಾರರ ಆಸುಪಾಸಿನಲ್ಲೇ ಇರಬೇಕು. ಮೂವತ್ತರಿಂದ ಮೂವತ್ತೈದು ಸಾವಿರ ಪದ ಸಾಕು. ಡೆಮಿ ಸೈಜಿನ ಪುಟಕ್ಕೆ ಸುಮಾರು 220 ಪದದಂತೆ ಅದು 160 ಪುಟದೊಳಗೆ ಕೂರುತ್ತದೆ. ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ, ಅಲ್ಲಿಗೆ ಹತ್ತು ಫಾರಂ. 163ಕ್ಕೆ ಹೋಯಿತೋ, ಮೂರು ಪುಟಕ್ಕಾಗಿ ಹನ್ನೊಂದನೇ ಫಾರಂ ಹಾಕಬೇಕು. ಆಗ ಪ್ರಕಾಶಕರು ಫೋನ್ ಮಾಡಿ, ‘ಆ ಅಜ್ಜಿ ಸಾಯೋ ಸೀನು ಸ್ವಲ್ಪ ಉದ್ದ ಆಯ್ತೇನೋ’ ಎಂದು ಸಾಹಿತ್ಯ ವಿಮರ್ಶೆ ಶುರು ಮಾಡುತ್ತಾರೆ.

ಇಷ್ಟನ್ನೂ ಸಾರು ಬರುವುದರೊಳಗೆ ವಿವರಿಸಲು ಆಗುವುದಿಲ್ಲ, ವಿವರಿಸಲೂ ಬಾರದು. ಅಲ್ಲಿ ನಡೆಯುವ ಉಪಾಯ ಒಂದೇ: ಯಾರಿಗಾಗಿ ಎಂಬುದನ್ನು ಬಿಟ್ಟು ಏನು ಎಂಬುದನ್ನು ಹೇಳಿಬಿಡುವುದು. ‘ಎಸ್ಸೆಸ್ಸೆಲ್ಸಿ ಹುಡುಗ. ಅವರಪ್ಪ ಸಾಲ ಮಾಡಿ ಬೋರ್ ಕೊರೆಸ್ತಾನೆ, ನೀರು ಬರಲ್ಲ.’ ಮಧುಗಿರಿ, ಶಿರಾ, ಪಾವಗಡದ ಕಡೆಯವರು ಪಕ್ಕದಲ್ಲಿದ್ದರೆ ಮುಂದಿನ ಮಾತು ‘ಎಷ್ಟು ಅಡಿಗೆ ಹೋದ್ರು?’ ಎಂದೇ ಬರುತ್ತದೆ. ಓದುವವನ ವಯಸ್ಸು ಅಲ್ಲಿಗೆ ಮರೆತುಹೋಯಿತು. ಊಟ ಮುಗಿಯುವವರೆಗೂ ಬೋರ್‌ವೆಲ್ ಲಾರಿ, ಕೇಸಿಂಗ್ ಪೈಪು, ಪಾಯಿಂಟ್ ತೋರಿಸುವವನ ತೆಂಗಿನಕಾಯಿ.

ಸ್ವಲ್ಪ ಓದಿಕೊಂಡವರ ಪ್ರತಿಕ್ರಿಯೆ ಇನ್ನೊಂದು ಬಗೆಯದು. ‘ಚೆನ್ನಾಗಿದೆ, ಚೆನ್ನಾಗಿದೆ. ದೊಡ್ಡೋರಿಗೆ ಯಾವಾಗ ಬರೀತೀರಾ?’ ಪ್ರೈಮರಿ ಮೇಷ್ಟ್ರಿಗೆ ಹೈಸ್ಕೂಲಿಗೆ ಬಡ್ತಿ ಯಾವಾಗ ಎಂದು ಕೇಳುವ ಅದೇ ಕಾಳಜಿ. ಕುವೆಂಪು, ಕಾರಂತರು ಇಬ್ಬರೂ ಮಕ್ಕಳಿಗೆ ಬರೆದವರೇ ಎಂದರೆ ತಲೆ ಆಡಿಸುತ್ತಾರೆ, ಒಪ್ಪುವುದಿಲ್ಲ. ಕುಡುಕನ ಬಾಯಲ್ಲಿ ಪದ ಹಾಡಿಸಿದ ರಾಜರತ್ನಂ ಅವರೇ ನಾಯಿಮರಿಗೆ ತಿಂಡಿಯನ್ನೂ ಕೊಟ್ಟರು. ನಾಯಿಮರಿಯ ವಯಸ್ಸು ದಾಟಿ ಕುಡಿಯುವ ವಯಸ್ಸು ಬರುವವರೆಗೆ ನಡುವೆ ಒಂದು ಹತ್ತು ವರ್ಷವಿದೆಯಲ್ಲ, ಆ ಹತ್ತು ವರ್ಷ ಗೈಡು, ಪ್ರಶ್ನೆಪತ್ರಿಕೆ, ನೋಟ್ಸು ಬಿಟ್ಟು ಬೇರೇನನ್ನಾದರೂ ಓದಬಹುದು ಎಂಬುದೇ ನಮ್ಮ ಜನಕ್ಕೆ ಹೊಳೆಯುವುದಿಲ್ಲ. ನನ್ನ ಪ್ರಕಾರ ಎಲ್ಲ ತಬ್ಬಿಬ್ಬಿನ ಮೂಲ ಅದೊಂದೇ.

ಸಂಸ್ಥೆಗಳಿಗೂ ಇದೇ ತಬ್ಬಿಬ್ಬು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಶುರುಮಾಡಿತು. 50,000 ರೂಪಾಯಿಯ ಪ್ರಶಸ್ತಿ, ಮೊದಲ ವರ್ಷ ಕನ್ನಡದಲ್ಲಿ ಅದು ಬೊಳುವಾರು ಮಹಮದ್ ಕುಂಞಿ ಅವರಿಗೆ ಬಂತು. ಅಲ್ಲಿ ಓದುಗರ ವಯಸ್ಸು ಒಂಬತ್ತರಿಂದ ಹದಿನಾರು. ನಾಲ್ಕನೇ ಕ್ಲಾಸಿನವನಿಗೂ ಮೀಸೆ ಚಿಗುರಿದವನಿಗೂ ಒಂದೇ ಕಪಾಟು. ಗ್ರಂಥಾಲಯದಲ್ಲಿ ಪುಸ್ತಕ ವಿಂಗಡಿಸುವ ಡ್ಯೂಯಿ ಸಂಖ್ಯೆ ನೋಡಿದರೆ ಕನ್ನಡ ಸಾಹಿತ್ಯಕ್ಕೆ 894.814 ಇದೆ, ಕತೆ ಕಾದಂಬರಿಗೆ ಅದರ ಕೊನೆಗೆ ಒಂದು 3 ಸೇರುತ್ತದೆ. ಭಾಷೆ ತಿಳಿಯಿತು, ಪ್ರಕಾರ ತಿಳಿಯಿತು, ಓದುವವನು ಯಾರೆಂದು ತಿಳಿಯಲಿಲ್ಲ. ಲೈಬ್ರೇರಿಯನ್ ಪುಸ್ತಕ ತಿರುವಿ ನೋಡಿ, ಚಿತ್ರವಿದ್ದರೆ ಮಕ್ಕಳ ವಿಭಾಗಕ್ಕೆ, ಇಲ್ಲದಿದ್ದರೆ ಕಾದಂಬರಿಗೆ ಹಾಕುತ್ತಾರೆ. ಇದಕ್ಕಿಂತ ದೊಡ್ಡ ಅನಾಹುತ ಮುಖಪುಟದಲ್ಲಿ ಆಗುತ್ತದೆ. ಯಾವ ವಿಭಾಗಕ್ಕೆ ಸೇರಿದ್ದೆಂದು ಎಲ್ಲರಿಗೂ ಗೊತ್ತಾಗಲಿ ಎಂದು ಪ್ರಕಾಶಕರು ‘ಮಕ್ಕಳ ಕಾದಂಬರಿ’ ಎಂದು ದಪ್ಪಕ್ಷರದಲ್ಲಿ ಹಾಕಿಸುತ್ತಾರೆ. ಹದಿನೈದರ ಹುಡುಗ ಅದನ್ನು ಬಸ್ಸಿನಲ್ಲಿ ಹಿಡಿದು ಕೂರುವನೇ? ನ್ಯೂಸ್‌ಪೇಪರಿನ ರ‍್ಯಾಪರ್ ಹಾಕಿಕೊಂಡು ಓದಿದರೆ ಅದೇ ದೊಡ್ಡದು. ಆ ಎರಡು ಪದ ಬೇಕೇಬೇಕೆಂದಿದ್ದರೆ ಒಳಗಿನ ವಿವರದ ಪುಟದಲ್ಲಿ ಸಣ್ಣದಾಗಿ ಇರಲಿ.

ನಿವೃತ್ತ ಮೇಷ್ಟ್ರುಗಳ ಪ್ರಶ್ನೆ ಒಂದೇ: ‘ನೀತಿ ಏನು?’ ಇದನ್ನು ಹಗುರಾಗಿ ತಳ್ಳಿಹಾಕಬಾರದು, ಏಕೆಂದರೆ ಈ ಪ್ರಶ್ನೆ ಬರೆಯುವವರ ಕಿವಿಯಲ್ಲೇ ಕೂತುಬಿಟ್ಟು ಕೊನೆಯ ಅಧ್ಯಾಯವನ್ನು ಕೆಡಿಸುತ್ತದೆ. ಕೆಡುವ ರೀತಿ ಹೀಗೆ. ಹತ್ತು ಅಧ್ಯಾಯದವರೆಗೆ ಹುಡುಗಿ ತನ್ನ ತೊಡಕನ್ನು ತಾನೇ ಬಿಡಿಸಿಕೊಳ್ಳುತ್ತಿರುತ್ತಾಳೆ. ಹನ್ನೊಂದನೆಯದರಲ್ಲಿ ಒಬ್ಬ ತಾತನೋ ಹೆಡ್‌ಮಾಸ್ಟರೋ ಮಿಲಿಟರಿಯಿಂದ ಬಂದ ಸೋದರಮಾವನೋ ಪ್ರತ್ಯಕ್ಷರಾಗಿ, ‘ನೋಡಮ್ಮಾ’ ಎಂದು ಶುರುಮಾಡುತ್ತಾರೆ. ಎರಡು ಪುಟ ಬುದ್ಧಿಮಾತು, ಹುಡುಗಿಯ ಕಣ್ಣಲ್ಲಿ ನೀರು, ಮುಗಿಯಿತು. ಓದುವ ಹುಡುಗಿ ಆ ಎರಡು ಪುಟ ಹಾರಿಸುವುದರಲ್ಲಿ ಪಳಗಿದವಳು, ಪಠ್ಯದ ಕೊನೆಯ ಪ್ಯಾರಾ ಹಾರಿಸಿ ಹಾರಿಸಿ ಅಭ್ಯಾಸವಾಗಿರುತ್ತದೆ. ಕರಡು ತಿದ್ದುವಾಗ ‘ನೋಡಮ್ಮಾ’, ‘ನೋಡಪ್ಪಾ’ ಎಂದು ಶುರುವಾಗುವ ಮಾತುಗಳನ್ನೆಲ್ಲ ಹುಡುಕಿ, ಅಲ್ಲಿಂದ ಮುಂದಿನ ಅರ್ಧ ಪುಟ ಹೊಡೆದುಹಾಕುವುದು ಒಳ್ಳೆಯ ರೂಢಿ. ಆಮೇಲೂ ಕತೆ ಗಟ್ಟಿಯಾಗಿ ನಿಂತರೆ ಆ ಭಾಗ ಬೇಡವಾಗಿತ್ತು. ಬಿದ್ದರೆ ತೊಡಕನ್ನು ಬಿಡಿಸುವ ಕೆಲಸ ಹುಡುಗಿಯ ಕೈಗೆ ಬಂದೇ ಇರಲಿಲ್ಲ, ಏಳನೇ ಅಧ್ಯಾಯದಿಂದ ಮತ್ತೆ ಬರೆಯಬೇಕು.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿ ವಾದಕ್ಕೆ ಇಳಿಯಬೇಡಿ. ‘ನೀವು ಹೈಸ್ಕೂಲಲ್ಲಿ ಪಠ್ಯಪುಸ್ತಕದೊಳಗೆ ಇಟ್ಕಂಡು ಏನ್ ಓದ್ತಿದ್ರಿ ಸಾರ್?’ ಎಂದು ಕೇಳಿ. ಒಂದು ಕ್ಷಣ ಸುತ್ತ ನೋಡುತ್ತಾರೆ. ಆಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹೊರಗೆ ಬರುತ್ತಾನೆ. ಯಾವ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತಿತ್ತು, ಯಾರು ಹಿಡಿದುಕೊಟ್ಟರು, ಎಷ್ಟು ಏಟು ಬಿತ್ತು, ಎಲ್ಲ ಬರುತ್ತದೆ. ಅದರ ನೀತಿ ಏನಿತ್ತು ಎಂದು ಮಾತ್ರ ತಿರುಗಿ ಕೇಳಬಾರದು. ಹಿರಿಯರು, ಪಾಪ.

ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: ‘ಲವ್ವು ಗಿವ್ವು ಇದೆಯಾ?’ ಅಪ್ಪಂದಿರು ಗಾಬರಿಯಿಂದ, ಚಿಕ್ಕಮ್ಮಂದಿರು ಆಸೆಯಿಂದ ಕೇಳುತ್ತಾರೆ. ಪುಸ್ತಕ ಕೈಗೆ ಕೊಟ್ಟರೆ ಯಾರೂ ಮೊದಲ ಪುಟ ನೋಡುವುದಿಲ್ಲ, ಸೀದಾ ನಡುಭಾಗ ಬಿಡಿಸುತ್ತಾರೆ. 160 ಪುಟದ ಪುಸ್ತಕ ಕೈಯಲ್ಲಿ ತಾನಾಗಿ ತೆರೆದುಕೊಳ್ಳುವುದು ಎಂಬತ್ತರ ಅಕ್ಕಪಕ್ಕ. ಅಲ್ಲಿ ಟ್ಯೂಷನ್ನಿನ ಮೆಟ್ಟಿಲ ಮೇಲೆ ಇಬ್ಬರು ನಿಂತು ನೋಟ್ಸು ಬದಲಿಸಿಕೊಳ್ಳುತ್ತಿದ್ದರೆ ಆ ಪುಸ್ತಕದ ಗತಿ ಅಲ್ಲೇ ತೀರ್ಮಾನವಾಗುತ್ತದೆ. ಮುಟ್ಟಿನ ಬಗ್ಗೆ ಎರಡು ಸಾಲಿದ್ದರೆ ಅಪ್ಪ ಪಟ್ಟನೆ ಮುಚ್ಚುತ್ತಾನೆ, ಅಮ್ಮ ಇಸಿದುಕೊಂಡು ಅದೇ ಪುಟದಿಂದ ಓದುತ್ತಾಳೆ.

ಬರೆಯುವವರಿಗೆ ಇಲ್ಲಿ ನಿಜವಾದ ಎಚ್ಚರ ಬೇಕಾಗುವುದು ಬೇರೆ ಕಡೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪಿಯುಸಿ ಹುಡುಗ ಹುಡುಗಿ ಊರು ಬಿಟ್ಟು ಓಡಿಹೋಗುವುದನ್ನು ಹಳೇ ಸಿನಿಮಾದ ಹುರುಪಿನಲ್ಲಿ ಬರೆದರೆ, ಮುಂದಿನ ಅಧ್ಯಾಯದಲ್ಲಿ ಪೊಲೀಸ್ ಠಾಣೆ, ಕೇಸು, ಹುಡುಗನಿಗೆ ಬಾಲನ್ಯಾಯ ಮಂಡಳಿ, ಹದಿನೆಂಟು ತುಂಬಿದ್ದರೆ ಜೈಲು ಬರಲೇಬೇಕು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಆ ವಯಸ್ಸಿನಲ್ಲಿ ಮೆಸೇಜು ಓದಿದ ಗುರುತು ಬಂದೂ ಉತ್ತರ ಬರದಿದ್ದರೆ ಒಂದು ಇಡೀ ಅಧ್ಯಾಯಕ್ಕೆ ಸಾಕಾಗುವಷ್ಟು ಸಂಕಟವಿರುತ್ತದೆ.

‘ನಮ್ಮುಡ್ಗ ಬುಕ್ಕೇ ಮುಟ್ಟಲ್ಲ, ಬರೀ ಮೊಬೈಲು’ ಎಂಬುದು ಡಾಕ್ಟರ ಮುಂದೆ ರೋಗ ಹೇಳಿಕೊಳ್ಳುವ ದನಿಯಲ್ಲಿ ಬರುತ್ತದೆ. ಚೀಟಿ ಬರೆದುಕೊಡಲಿ ಎಂದು ಕಾಯುತ್ತಾರೆ. ಅದರ ಬೆನ್ನಿಗೇ ‘ಒಂದು ಕಾಪಿ ಕೊಡಿ, ಓದಲಿ’ ಬರುತ್ತದೆ. ಇದರ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಹೇಳಿಬಿಡುವುದು ವಾಸಿ. ಇನ್ನೂರು ರೂಪಾಯಿ ಪುಸ್ತಕ, ಶೇಕಡ ಹತ್ತರ ಗೌರವಧನ, ಪ್ರತಿಗೆ ಇಪ್ಪತ್ತು ರೂಪಾಯಿ. ಐನೂರು ಪ್ರತಿ ಅಚ್ಚಾಗಿ ಅಷ್ಟೂ ಮಾರಾಟವಾದರೆ ಹತ್ತು ಸಾವಿರ. ಉಚಿತವಾಗಿ ಬಂದ ಲೇಖಕರ ಪ್ರತಿಗಳು ಮುಗಿದ ಮೇಲೆ ತನ್ನ ಪುಸ್ತಕವನ್ನು ತಾನೇ ಶೇಕಡ ಮೂವತ್ತೈದರ ರಿಯಾಯಿತಿಯಲ್ಲಿ ಕೊಂಡರೂ ಒಂದಕ್ಕೆ 130 ರೂಪಾಯಿ. ಮದುವೆ ಮನೆಯಲ್ಲಿ ಒಂದು ಪ್ರತಿ ಪುಕ್ಕಟೆ ಕೊಟ್ಟರೆ ಆರೂವರೆ ಪ್ರತಿಯ ಗೌರವಧನ ಹೋಯಿತು. ಬ್ಯಾಗಿನಲ್ಲಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಅನುಭವಸ್ಥರ ಪದ್ಧತಿ.

‘ನನ್ ಕತೆನೇ ಬರೀರಿ, ಮೂರು ಭಾಗ ಆಗುತ್ತೆ’ ಎನ್ನುವವರು, ಮಗಳ ಕವಿತೆಗಳ ಫೈಲು ಕಾರಿನಿಂದ ತರಿಸುವವರು ಎಲ್ಲ ಸಾಹಿತಿಗಳಿಗೂ ಸಿಗುತ್ತಾರೆ, ಅವರ ಮಾತು ಬೇಡ.

ಇಷ್ಟೂ ದೊಡ್ಡವರ ತಬ್ಬಿಬ್ಬು. ಯಾರಿಗಾಗಿ ಪುಸ್ತಕವೋ ಅವರದ್ದು ಬೇರೆಯೇ. ಅಮ್ಮ ಹುಡುಗನ ತೋಳು ಹಿಡಿದು ತಂದು ನಿಲ್ಲಿಸುತ್ತಾಳೆ: ‘ಅಂಕಲ್ಲು ನಿಮ್ಮಂಥೋರ ಬಗ್ಗೆನೇ ಬರೆಯೋದಂತೆ ಕಣೋ, ಮಾತಾಡ್ಸು.’ ಅವನು ಕುರ್ಚಿಯ ಬೆನ್ನು ಉಗುರಲ್ಲಿ ಕೆರೆಯುತ್ತಾ ‘ಹೂಂ’ ಎನ್ನುತ್ತಾನೆ. ‘ಓದಿದ್ಯಾ?’ ‘ಹೂಂ.’ ‘ಹೆಂಗಿತ್ತು?’ ‘ಚೆನ್ನಾಗಿತ್ತು.’ ಇಲ್ಲಿ ನಿಲ್ಲಿಸಿದರೆ ನಷ್ಟ. ಚೆನ್ನಾಗಿತ್ತೇ ಎಂದು ಕೇಳಬಾರದು, ತಪ್ಪೇನಿತ್ತು ಎಂದು ಕೇಳಬೇಕು. ಆಗ ತಲೆ ಎತ್ತುತ್ತಾನೆ.

ಅವರು ಹಿಡಿಯುವ ತಪ್ಪುಗಳು ವಿಮರ್ಶಕರಿಗೆ ಸಿಗುವಂಥವಲ್ಲ. ಎಸ್ಸೆಸ್ಸೆಲ್ಸಿ ನಾಯಕನಿಗೆ ಆರುನೂರಕ್ಕೆ ಐನೂರ ಎಂಬತ್ತು ಬಂತು ಎಂದು ಬರೆದಿದ್ದರೆ ಮುಗಿಯಿತು. ಆರುನೂರು ಪಿಯುಸಿಗೆ, ಎಸ್ಸೆಸ್ಸೆಲ್ಸಿಗೆ 625, ಪ್ರಥಮ ಭಾಷೆಗೆ 125 ಇರುವುದರಿಂದ. ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂರುವ ಕತೆಯೂ ಹಳತಾಯಿತು: ಮೊದಲು ಪೂರಕ ಪರೀಕ್ಷೆ ಇತ್ತು, 2024ರಿಂದ ಪರೀಕ್ಷೆ 2 ಎಂದು ಅದೇ ವರ್ಷ ಮತ್ತೆ ಬರೆಯಬಹುದು. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಹುಡುಗಿ ಮಧುಗಿರಿಯಲ್ಲೇ ಉಳಿದಳು ಎಂದರೆ ನಗುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳು ಆಧಾರ್ ಕಾರ್ಡ್ ತೋರಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ತುಮಕೂರಿಗೇನು, ಬೀದರಿಗೂ ಪುಕ್ಕಟೆ ಹೋಗುತ್ತಾಳೆ. ದುಡ್ಡಿಲ್ಲದೆ ಉಳಿಯಬೇಕಾದವನು ಅವಳ ತಮ್ಮ. ಅವಳೇ ಉಳಿಯಬೇಕೆಂದಿದ್ದರೆ ಆ ದಾರಿಗೆ ಖಾಸಗಿ ಬಸ್ಸನ್ನು ಹಾಕಬೇಕು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಆಂಧ್ರದ ಗಡಿಯ ಪಾವಗಡದ ಗೆಳೆಯರಿಬ್ಬರು ಜಗಳವಾಡುವಾಗ ಪೂರ್ತಿ ಕನ್ನಡದಲ್ಲೇ ಬೈದುಕೊಂಡರೆ ಅಲ್ಲಿಯ ಹುಡುಗರು ನಂಬುವುದಿಲ್ಲ, ಎರಡನೇ ಬೈಗುಳಕ್ಕಾದರೂ ತೆಲುಗು ಬರಬೇಕು.

ಫೋನಿನ ವಿಷಯದಲ್ಲಂತೂ ಬಿಡುವುದೇ ಇಲ್ಲ. ಕತೆಗೆ ಅನುಕೂಲವಾಗಲಿ ಎಂದು ‘ನೆಟ್‌ವರ್ಕ್ ಇರಲಿಲ್ಲ’ ಎಂದು ಬರೆದು ಮುಂದೆ ಹೋದರೆ, ‘ಅಲ್ಲೇ ಗುಡ್ಡದ್ ಮೇಲೆ ಟವರ್ ಐತಲ್ಲ ಅಂಕಲ್’ ಎನ್ನುತ್ತಾರೆ. ಡೇಟಾ ಪ್ಯಾಕ್ ಮುಗಿದಿದ್ದರೆ, ಚಾರ್ಜ್ ಶೇಕಡ ನಾಲ್ಕಿದ್ದರೆ ನಂಬುತ್ತಾರೆ. ಎಲ್ಲಕ್ಕಿಂತ ಗಟ್ಟಿ ಕಾರಣ, ಫೋನು ಅಪ್ಪನದು, ಅಪ್ಪ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಅದಕ್ಕೆ ಯಾರೂ ತಕರಾರು ತೆಗೆದದ್ದಿಲ್ಲ.

ಹುಡುಗ ಇಷ್ಟನ್ನು ಒಂದೇ ಉಸಿರಿಗೆ ಹೇಳುವಾಗ ಅಮ್ಮ ನಾಚಿಕೊಂಡು, ‘ಹಂಗೆಲ್ಲ ದೊಡ್ಡೋರಿಗೆ ಹೇಳ್ಬಾರ್ದು ಕಣೋ’ ಎಂದು ತೋಳು ಎಳೆಯುತ್ತಾಳೆ. ಅವನು ಮತ್ತೆ ‘ಹೂಂ’ಗೆ ಇಳಿಯುವುದರೊಳಗೆ ಪುಟದ ನಂಬರು ಕೇಳಿ ಬರೆದುಕೊಂಡುಬಿಡಿ, ಎರಡನೇ ಮುದ್ರಣಕ್ಕೆ ಬೇಕಾಗುತ್ತದೆ. ಅಂಥದ್ದೊಂದು ಆದರೆ.