ವಿಶ್ವ ಹುಟ್ಟಿದ್ದು ಮಹಾಸ್ಫೋಟದಿಂದಲೇ?

ಪರ: ಸಾಕ್ಷಿ ನಮ್ಮ ಟಿವಿಯಲ್ಲೇ ಇತ್ತು

ಸಕಲೇಶಪುರದ ನಮ್ಮ ಮನೆಗೆ ಟಿವಿ ಬಂದ ವರ್ಷ ಅಪ್ಪನ ಭಾನುವಾರಗಳೆಲ್ಲ ಹೆಂಚಿನ ಮೇಲೇ ಕಳೆದವು. ಆಂಟೆನಾ ತಿರುಗಿಸುತ್ತ ‘ಬಂತೇನೋ?’ ಎಂದು ಕೂಗುವರು. ಒಳಗಿನಿಂದ ನಾನು, ‘ಇಲ್ಲಪ್ಪಾ, ಬರೀ ಗ್ರೈನ್ಸು!’ ಆ ಬಿಳಿ ಚುಕ್ಕಿಗಳ ಗದ್ದಲದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ವಿಶ್ವದ ಬಾಲ್ಯದಲ್ಲಿ ಹೊರಟ ವಿಕಿರಣ ಎಂದು ತಿಳಿದದ್ದು ಎಂ.ಎಸ್ಸಿ. ತರಗತಿಯಲ್ಲಿ. ಅಂದೇ ಊರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಅವತ್ತೂ ಏನೋ ಬಂದಿತ್ತು ಅನ್ನು’ ಎಂದರು.

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ರೇಡಿಯೊ ಖಗೋಳವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್‌ಗೂ ಇಂಥದೇ ಗದ್ದಲ ಕೇಳಿಸಿತ್ತು. ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅದೇ. ಒಳಗೆ ಸೇರಿಕೊಂಡಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದರೂ ಹೋಗಲಿಲ್ಲ. ಇಡೀ ಆಕಾಶ ತುಂಬಿರುವ, ಪರಮಶೂನ್ಯಕ್ಕಿಂತ (ಅದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲದ ಮಟ್ಟ) 2.7 ಡಿಗ್ರಿಯಷ್ಟೇ ಮೇಲಿರುವ ಈ ಕಾವು ಎಲ್ಲಿಂದ ಬಂತು? ಒಂದು ಕಾಲಕ್ಕೆ ಎಲ್ಲವೂ ಒತ್ತೊತ್ತಾಗಿ ಕುದಿಯುತ್ತಿತ್ತು, ಹಿಗ್ಗುತ್ತ ಹಿಗ್ಗುತ್ತ ಆರಿತು ಎನ್ನದೆ ಬೇರೆ ದಾರಿಯಿಲ್ಲ. ಮಹಾಸ್ಫೋಟ ಎನ್ನುವುದು ಇದನ್ನೇ. ಆ ಕುದಿಯ ಮೊದಲ ಕೆಲವು ನಿಮಿಷಗಳಲ್ಲಿ ಎಷ್ಟು ಹೀಲಿಯಂ ಆಗಿರಬೇಕೆಂದು ಲೆಕ್ಕ ಹಾಕಿ: ತೂಕದಲ್ಲಿ ಸುಮಾರು ಕಾಲು ಭಾಗ. ದೂರದ ಅನಿಲಮೋಡಗಳಲ್ಲಿ ಅಳೆದರೂ ಕಾಲು ಭಾಗ! ನಕ್ಷತ್ರಗಳಷ್ಟೇ ಸೇರಿ ಇಷ್ಟು ಹೀಲಿಯಂ ಮಾಡಿರಲಾರವು.

‘ಅದಕ್ಕೂ ಮೊದಲು ಏನಿತ್ತು?’ ಎನ್ನುವವರಿದ್ದಾರೆ. ಅವರಿಗೆ ವಾದ ಬೇಕು, ಉತ್ತರವಲ್ಲ. 1380 ಕೋಟಿ ವರ್ಷಗಳ ಚರಿತ್ರೆ ಎದುರಿಗೆ ತೆರೆದಿದೆ. ಮೊದಲು ಅದನ್ನು ಓದಲಿ.

ವಿರೋಧ: ಹೆರಿಗೆ ಕಂಡವರಿಲ್ಲ

ವಿರೋಧದ ಬದಿ ಬರೆಯಿರಿ ಎಂದಾಗ ಒಪ್ಪಿಕೊಂಡೆ, ಆದರೆ ಒಂದು ಮಾತು ಮೊದಲೇ ಹೇಳಬೇಕು: ವಿಶ್ವ ಹಿಗ್ಗುತ್ತಿದೆ ಎಂಬುದರಲ್ಲಿ ನನಗೂ ಸಂಶಯವಿಲ್ಲ. ‘ಹುಟ್ಟಿತು’ ಎನ್ನುವುದಕ್ಕೆ ಮಾತ್ರ ನನ್ನ ತಕರಾರು. ಕತ್ತಲಲ್ಲಿ ಪಟಾಕಿ ಸಿಡಿದಂತೆ ಎಲ್ಲ ಶುರುವಾಯಿತು ಎಂದು ಮಕ್ಕಳಿಗೆ ಹೇಳುತ್ತಾರಲ್ಲ, ಅದು ಸರಿಯಲ್ಲ.

ಇಡೀ ಆಕಾಶ ತುಂಬಿರುವ ಆ ಹಿನ್ನೆಲೆ ವಿಕಿರಣ ಹೊರಟಾಗ ವಿಶ್ವಕ್ಕೆ 3.8 ಲಕ್ಷ ವರ್ಷ. ನಾಮಕರಣದ ಫೋಟೊ ತೋರಿಸಿ ಹೆರಿಗೆ ಕಂಡೆ ಎನ್ನಬಹುದೇ? ಮೊದಲ ಕ್ಷಣದ ಹತ್ತಿರ ಹೋದರೆ ಐನ್‌ಸ್ಟೈನ್ ಗುರುತ್ವ ಸಮೀಕರಣಗಳೇ ಕೈಚೆಲ್ಲುತ್ತವೆ. ಹಿಗ್ಗುವ ವೇಗದಲ್ಲೂ ಜಗಳವಿದೆ: ಆ ಹಳೆಯ ಬೆಳಕಿನಿಂದ ಲೆಕ್ಕ ಹಾಕಿದರೆ ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 33 ಲಕ್ಷ ಜ್ಯೋತಿರ್ವರ್ಷದ ದೂರ) ಸೆಕೆಂಡಿಗೆ 67 ಕಿ.ಮೀ., ಹತ್ತಿರದ ಗೆಲಾಕ್ಸಿಗಳಿಂದ ಅಳೆದರೆ ಸುಮಾರು 73. ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ನಮ್ಮ ಜಯಂತ ನಾರ್ಳೀಕರ್ ಆರಂಭವೇ ಇಲ್ಲದ ವಿಶ್ವದ ಪರ ದಶಕಗಳ ಕಾಲ ನಿಂತರು. ಅವರ ಮಾದರಿಯನ್ನು ಹೆಚ್ಚಿನವರು ಒಪ್ಪಲಿಲ್ಲ, ನಿಜ.

ಮೊದಲ ನಕ್ಷತ್ರಗಳು ಹೊತ್ತಿದ ಕಾಲದ ರೇಡಿಯೊ ಸುಳಿವು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಸಾರಿತು. ಅದನ್ನು ಪರೀಕ್ಷಿಸಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ತಮ್ಮ ‘ಸರಸ್’ ರೇಡಿಯೊ ದೂರದರ್ಶಕವನ್ನು ದಂಡಿಗನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಲ್ಲೂ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು, ಬಂಡೆ ಅಳತೆ ಕೆಡಿಸುತ್ತವೆ. ನೀರು ಒಂದೇ ಸಮ. ಅಮೆರಿಕದವರು ಹೇಳಿದ ಸುಳಿವು ಇಲ್ಲಿ ಕಾಣಲಿಲ್ಲ. 2022ರಲ್ಲಿ ಹಾಗೆಂದು ಪ್ರಕಟಿಸಿದರು. ಮೊದಲ ನಕ್ಷತ್ರಗಳ ವಿಷಯದಲ್ಲೇ ಹೀಗಾದರೆ ಮೊದಲ ಕ್ಷಣದ ಮಾತು ಹೇಗೆ ಆಡುವುದು?

ನಮ್ಮಜ್ಜನ ಗದ್ದೆ ಮುಳುಗಿರುವುದು ಅದೇ ಹಿನ್ನೀರಿನಡಿ. ಆ ಸುದ್ದಿ ಓದಿದ ಸಂಜೆ ದಂಡೆಗೆ ಹೋಗಿ, ನಕ್ಷತ್ರ ಮೂಡುವವರೆಗೂ ಕೂತಿದ್ದೆ.