ಸತ್ತವರಿಂದ ಎರವಲು ತಂದ ಕಾಲ

ಅಮ್ಮನಿಗೆ ಥಾಯ್ ಭಾಷೆ ಬರುವುದಿಲ್ಲ. ನನಗೂ ಬರುವುದಿಲ್ಲ. ಆದರೂ ಇಬ್ಬರೂ ಕೂತು 15 ಕಂತಿನ ಥಾಯ್ ಧಾರಾವಾಹಿಯೊಂದನ್ನು ನೋಡಿ ಮುಗಿಸಿದೆವು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ಕನ್ನಡ ಮಾಡಿ ಹೇಳುವ ಕೆಲಸ ನನ್ನದು. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಕಥೆ ಹೇಳಿಬಿಡುವುದು ಅಮ್ಮನ ಕೆಲಸ. "ಈ ಹುಡುಗ ಈಗ ಬೈತಾನೆ. ಇನ್ನು ನಾಲ್ಕು ದಿನಕ್ಕೆ ಅವಳ ಹಿಂದೆ ಸುತ್ತುತಾನೆ, ನೋಡ್ತಿರು." ಹಾಗೇ ಆಯಿತು.

ಧಾರಾವಾಹಿಯ ಹೆಸರು 'ಬುಪ್ಪೇಸನ್ನಿವಾತ್'. ಮೂಲ ಪಾಲಿ ಭಾಷೆಯದು, ಪುಬ್ಬೇ ಸನ್ನಿವಾಸ. ಹಿಂದಿನ ಜನ್ಮದಲ್ಲಿ ಜೊತೆಗೆ ಬಾಳಿದ್ದು ಅಂತ ಅರ್ಥ. "ಋಣಾನುಬಂಧ ಅಂದ್ರೆ ಸಾಕಿತ್ತು" ಅಂದಳು ಅಮ್ಮ. 2018ರ ಫೆಬ್ರುವರಿ 21ರಿಂದ ಏಪ್ರಿಲ್ 11ರವರೆಗೆ ಥಾಯ್ಲೆಂಡಿನ ಚಾನೆಲ್ 3ರಲ್ಲಿ ವಾರಕ್ಕೆರಡು ರಾತ್ರಿ ಇದು ಬರುತ್ತಿತ್ತು. ಇಡೀ ದೇಶಕ್ಕೆ ಇದರ ಹುಚ್ಚು ಹಿಡಿದಿತ್ತು.

ಕಥೆ ಇಷ್ಟು. ಇಂದಿನ ಕಾಲದ ದಪ್ಪನೆಯ ಪುರಾತತ್ವದ ಹುಡುಗಿಯೊಬ್ಬಳು ಕಾರು ಅಪಘಾತದಲ್ಲಿ ಸಾಯುತ್ತಾಳೆ. ಆತ್ಮ ಹಾರಿ ನಾರಾಯ್ ರಾಜನ ಕಾಲದ ಹಳೇ ರಾಜಧಾನಿ ಅಯುತ್ಥಯಾಕ್ಕೆ, ಅಂದರೆ 17ನೇ ಶತಮಾನಕ್ಕೆ ಹೋಗುತ್ತದೆ. ಅಲ್ಲಿ ಕಾರಕೇತ್ ಅನ್ನುವ ಸಿರಿವಂತರ ಮನೆಯ ಹುಡುಗಿ ಆಗಷ್ಟೇ ಸತ್ತಿದ್ದಾಳೆ. ಕಾರಕೇತ್ ಅಂದರೆ ನಮ್ಮ ಕೇದಗೆ ಹೂವು. ಹೆಸರಷ್ಟೇ ಹೂವು, ಬುದ್ಧಿ ಪೂರಾ ಮುಳ್ಳು. ಆಳುಗಳನ್ನು ಹೊಡೆಸುವವಳು, ದೋಣಿ ಮುಳುಗಿಸಿ ಜೀವ ತೆಗೆಸಿದವಳು. ಅದಕ್ಕೇ ಮಂತ್ರಪ್ರಯೋಗದಲ್ಲಿ ಸತ್ತಳು. ನಮ್ಮ ಹುಡುಗಿ ಆ ಖಾಲಿ ದೇಹದೊಳಗೆ ಹೊಕ್ಕು ಎದ್ದು ಕೂರುತ್ತಾಳೆ. ತೆಳ್ಳಗೆ, ಬೆಳ್ಳಗೆ. ಸಾಯದೆ ತೂಕ ಇಳಿಯಲ್ಲ ಅಂತ ಇಷ್ಟು ನೇರವಾಗಿ ಹೇಳಿದ ಧಾರಾವಾಹಿಯನ್ನು ನಾನು ಬೇರೆ ಕಂಡಿಲ್ಲ.

ಮಂತ್ರದ ಹೆಸರು ಕೃಷ್ಣಕಾಳಿ. ಅಮ್ಮ ಒರಗಿದ್ದವಳು ನೆಟ್ಟಗೆ ಕೂತಳು. "ಕೃಷ್ಣನೇ ಬೇರೆ, ಕಾಳಿಯೇ ಬೇರೆ ಅಲ್ವಾ? ಇವರಿಬ್ಬರನ್ನೂ ಒಟ್ಟಿಗೆ ಕೂರಿಸಿದ್ದು ಯಾರು?" ಸಮುದ್ರ ದಾಟುವಾಗ ಒಂದೇ ಹಡಗು ಸಿಕ್ಕಿರಬೇಕು ಅಂದೆ.

ಈಗ ಈ ಹುಡುಗಿಗೆ ಏನೆಲ್ಲಾ ಗೊತ್ತಿದೆ ಯೋಚಿಸಿ. ಇತಿಹಾಸ ಓದಿದವಳು. 1688ರಲ್ಲಿ ರಾಜ ಕಾಯಿಲೆ ಬಿದ್ದಾಗ ಯಾರು ಗದ್ದುಗೆ ಹಿಡಿಯುತ್ತಾರೆ, ಯಾರ ತಲೆ ಉರುಳುತ್ತದೆ, 1767ರಲ್ಲಿ ಬರ್ಮಾದವರು ಬಂದು ಇಡೀ ಊರನ್ನು ಹೇಗೆ ಸುಡುತ್ತಾರೆ, ಎಲ್ಲ ಬಲ್ಲಳು. ಅದಕ್ಕೇ ಅವಳು ತುರ್ತಾಗಿ ಕಮ್ಮಾರನ ಹತ್ತಿರ ಹೋಗುತ್ತಾಳೆ. ಹೋಗಿ, ಹಂದಿಮಾಂಸ ಸುಡುವ ಬಾಣಲೆ ಮಾಡಿಸಿಕೊಂಡು ಬರುತ್ತಾಳೆ. ಹಿತ್ತಲಲ್ಲಿ ಕೆಂಡದ ಮೇಲೆ ಬಾಣಲೆ ಇಟ್ಟು, ಆಳುಕಾಳುಗಳನ್ನೆಲ್ಲ ಸುತ್ತ ಕೂರಿಸಿ, ತಾನೂ ತಿಂದು ಅವರಿಗೂ ತಿನ್ನಿಸುತ್ತಾಳೆ. ಅಮ್ಮ ಸಸ್ಯಾಹಾರಿ. ಆದರೂ ಮೆಚ್ಚಿಕೊಂಡಳು. "ರಾಜ್ಯ ಹೆಂಗೂ ಉಳಿಯಲ್ಲ. ಊಟನಾದ್ರೂ ಸರಿಯಾಗಿ ಆಗ್ಲಿ."

ಇಲ್ಲಿವರೆಗೂ ಎಲ್ಲ ಸರಿ. ಧಾರಾವಾಹಿ ಅಂದರೆ ಹೀಗೇ. ಅದನ್ನು ನೋಡುತ್ತಿದ್ದ ದೇಶದ ಕಥೆ ಇದಕ್ಕಿಂತ ಜಾಸ್ತಿ ಚೆನ್ನಾಗಿದೆ.

2014ರ ಮೇ 22ರಂದು ಸೇನಾ ಮುಖ್ಯಸ್ಥ ಪ್ರಯುತ್ ಚಾನ್-ಓಚಾ ಅಧಿಕಾರ ಹಿಡಿದರು. 1932ರಿಂದ ಈಚೆಗೆ ಅಲ್ಲಿ ಸೇನೆ ಹೀಗೆ ಗೆದ್ದದ್ದು ಅದು 12ನೇ ಸಲ. ಚುನಾವಣೆ ಮಾಡೇ ಮಾಡುತ್ತೇವೆ ಅಂದರು. ಮೊದಲು 2015 ಅಂದರು. ಅದು 2016 ಆಯಿತು, ಆಮೇಲೆ 2017. ಆಮೇಲೆ 2018ರ ನವೆಂಬರ್ ಅಂದರು. ಧಾರಾವಾಹಿ ಶುರುವಾಗುವ ಒಂದು ತಿಂಗಳ ಮುಂಚೆ, ಅವರೇ ನೇಮಿಸಿದ ಶಾಸನಸಭೆ ಚುನಾವಣಾ ಕಾನೂನಿನ ಜಾರಿಯನ್ನು ಇನ್ನೂ 90 ದಿನ ಮುಂದೆ ತಳ್ಳಿತು. ಹಿಂದೆ ನಮ್ಮ ಕಡೆ ದೆವ್ವ ಬಾಗಿಲು ತಟ್ಟಬಾರದೆಂದು ಕದದ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ದೆವ್ವ ಓದಿಕೊಂಡು ವಾಪಸ್ ಹೋಗುತ್ತಿತ್ತು. ಬ್ಯಾಂಕಾಕಿನಲ್ಲಿ ಅದನ್ನು ಮತದಾರರಿಗೆ ಬರೆದರು. ಕೆಲವರು ಮಾತ್ರ ವಾಪಸ್ ಹೋಗದೆ, ನಮಗೆ ಚುನಾವಣೆ ಬೇಕು ಅಂತ ಬೀದಿಯಲ್ಲಿ ನಿಂತರು. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿದ್ದೀರಿ ಅಂತ ಅವರ ಮೇಲೆ ಕೇಸು ಬಿತ್ತು.

ಕಾಲದ ವಿಷಯ ಬಂದ ಮೇಲೆ ಗಡಿಯಾರದ ವಿಷಯ ಬಿಡುವುದು ಹೇಗೆ?

2017ರ ಡಿಸೆಂಬರ್. ಹೊಸ ಸಚಿವ ಸಂಪುಟದ ಗುಂಪು ಫೋಟೋ. ಎಲ್ಲರೂ ಬಿಳಿ ಸಮವಸ್ತ್ರ ತೊಟ್ಟು ನಿಂತಿದ್ದಾರೆ. ಉಪಪ್ರಧಾನಿ ಪ್ರವಿತ್ ವೊಂಗ್‌ಸುವಾನ್ ಕಣ್ಣಿಗೆ ಬಿಸಿಲು ಹೊಡೆಯಿತು. ಕೈ ಎತ್ತಿ ಹಣೆಗೆ ಅಡ್ಡ ಹಿಡಿದರು. ತೋಳು ಸ್ವಲ್ಪ ಕೆಳಗೆ ಸರಿಯಿತು. ಮಣಿಕಟ್ಟಿನಲ್ಲಿ ಭಾರಿ ಬೆಲೆಯ ಕೈಗಡಿಯಾರ, ಬೆರಳಲ್ಲಿ ವಜ್ರದ ಉಂಗುರ. ಕ್ಯಾಮೆರಾ ಕ್ಲಿಕ್ ಅಂದಿತು. ಆಮೇಲೆ ಜನ ಅವರ ಹಳೆಯ ಫೋಟೋಗಳನ್ನೆಲ್ಲ ಹುಡುಕಿ ಹುಡುಕಿ ಲೆಕ್ಕ ಹಾಕಿದರು. ಬೇರೆ ಬೇರೆ ದಿನ, ಬೇರೆ ಬೇರೆ ವಾಚು. ಒಟ್ಟು 20ಕ್ಕೂ ಹೆಚ್ಚು. ಆಸ್ತಿ ವಿವರದಲ್ಲಿ ಒಂದೂ ಇಲ್ಲ. ಸಾಹೇಬರು ಏನಂದರು? ನನ್ನದಲ್ಲ, ಗೆಳೆಯನದು, ಎರವಲು ತಂದದ್ದು ಅಂದರು. ಆ ಗೆಳೆಯ ಅಷ್ಟರಲ್ಲಿ ತೀರಿಕೊಂಡಿದ್ದ.

ಇದನ್ನು ಅಮ್ಮನಿಗೆ ವಿವರಿಸಿದೆ.

"ಮತ್ತೆ ವಾಪಸ್ ಕೊಟ್ರಂತಾ?"

"ಎಲ್ಲಾ ಕೊಟ್ಟೆ ಅಂದ್ರಂತೆ."

"ಯಾರ ಕೈಗೆ?"

2018ರ ಕೊನೆಗೆ ಅಲ್ಲಿನ ಭ್ರಷ್ಟಾಚಾರ ತಡೆ ಆಯೋಗ 5-3 ಮತಗಳಿಂದ, ವಾಚುಗಳು ಗೆಳೆಯನದ್ದೇ, ಮುಂದಿನ ಕ್ರಮಕ್ಕೆ ಆಧಾರ ಇಲ್ಲ ಅಂತ ತೀರ್ಮಾನಿಸಿತು. ಸರಿ. ಕಥಾನಾಯಕಿ ಸತ್ತವಳ ದೇಹವನ್ನೇ ಎರವಲು ತಂದು 15 ಕಂತು ಓಡಾಡಿದಳು, ಯಾರಾದರೂ ರಸೀದಿ ಕೇಳಿದರಾ?

ಜನ ಈ ಹೊತ್ತಿಗೆ ಏನು ಮಾಡುತ್ತಿದ್ದರು? ದಿರಿಸು ಬಾಡಿಗೆಗೆ ತರುತ್ತಿದ್ದರು. ಅಯುತ್ಥಯಾದ ನದಿ ದಂಡೆಯಲ್ಲಿ ವಾತ್ ಚೈವತ್ಥನಾರಾಮ್ ಅನ್ನುವ ದೇವಾಲಯದ ಅವಶೇಷ ಇದೆ. 1630ರಲ್ಲಿ ಕಟ್ಟಿಸಿದ್ದು. ಅಲ್ಲಿಗೆ ಹೆಂಗಸರು ಹೆಗಲಿಗೆ ಸೆರಗಿನಂಥ ಬಟ್ಟೆ ಹೊದ್ದು, ಗಂಡಸರು ನಮ್ಮ ಕಚ್ಚೆಯ ಹಾಗೆ ಉಟ್ಟು ಗುಂಪು ಗುಂಪಾಗಿ ಬಂದರು. ಸೆಲ್ಫಿ ತೆಗೆದುಕೊಂಡರು. 'ನೀನು' ಅನ್ನುವುದಕ್ಕೆ ಧಾರಾವಾಹಿಯಲ್ಲಿ ಬರುವ 'ಓಜಾವ್' ಅನ್ನುವ ಹಳೇ ಪದ ಜಾಹೀರಾತುಗಳಿಗೂ ಹತ್ತಿತು. ಆ ಕಾಲದಲ್ಲಿ ಸಾಮಾನ್ಯ ಗಂಡಸು ವರ್ಷಕ್ಕೆ ಆರು ತಿಂಗಳು ರಾಜನಿಗೆ ಬಿಟ್ಟಿ ಚಾಕರಿ ಮಾಡಬೇಕಿತ್ತು. ಆ ಆರು ತಿಂಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಮಾತ್ರ ಯಾರೂ ತೆರೆಯಲಿಲ್ಲ. ಎಲ್ಲರೂ ದೊಡ್ಡಮನೆಯವರೇ ಆಗಿ ಬಂದರು. ಬಿಸಿಲಲ್ಲಿ ಕೊಡೆ ಹಿಡಿಯಬೇಕಾದವರು ಯಾರೋ, ಗೊತ್ತಿಲ್ಲ.

ಅಷ್ಟರಲ್ಲಿ ಪ್ರಧಾನಿಯೂ ಆಗಿದ್ದ ಪ್ರಯುತ್‌ಗೂ ಧಾರಾವಾಹಿ ಬಹಳ ಇಷ್ಟವಾಯಿತು. ಹೊಗಳಿದರು. ಸರ್ಕಾರಿ ಭವನದಲ್ಲಿ ಕಲಾವಿದರನ್ನು ಬರಮಾಡಿಕೊಂಡು ಫೋಟೋ ತೆಗೆಸಿಕೊಂಡರು. ಇತಿಹಾಸ ಕಲಿಯಲು ಇದು ಒಳ್ಳೆಯದು ಅನ್ನುವ ಮಾತು ಎಲ್ಲೆಲ್ಲೂ ಕೇಳಿಬಂತು. ಯಾವ ಇತಿಹಾಸ? 1688ರಲ್ಲಿ, ರಾಜನ ಆನೆಪಡೆಯ ಮುಖ್ಯಸ್ಥ ಪೆಟ್ರಾಚಾ ಅರಮನೆ ಹಿಡಿದು, ಗ್ರೀಕ್ ಮಂತ್ರಿ ಫಾಲ್ಕನ್‌ನ ತಲೆ ತೆಗೆಸಿ, ತಾನೇ ರಾಜನಾದ ಇತಿಹಾಸ. ಅಂದರೆ ಸೇನಾಪತಿಯೊಬ್ಬ ಗದ್ದುಗೆ ಹಿಡಿದ ಕಥೆಯನ್ನು, 330 ವರ್ಷದ ಆಮೇಲೆ, ಗದ್ದುಗೆ ಹಿಡಿದ ಇನ್ನೊಬ್ಬ ಸೇನಾಪತಿಯ ಆಡಳಿತದಲ್ಲಿ ಜನ ಮನೆಮಂದಿಯೆಲ್ಲ ಕೂತು ನೋಡಿದರು. ಭೂತಕಾಲಕ್ಕೆ ಹೋಗಲು ಆ ಹುಡುಗಿ ಕಾರು ಗುದ್ದಿಸಿಕೊಂಡದ್ದು ಸುಮ್ನೆ ದಂಡ. ಮನೆಯಲ್ಲೇ ಇದ್ದಿದ್ದರೂ ಆಗುತ್ತಿತ್ತು.

ಕೊನೆಗೂ 2019ರ ಮಾರ್ಚ್ 24ರಂದು ಚುನಾವಣೆ ನಡೆಯಿತು. ಪ್ರಯುತ್ ಅವರೇ ಮತ್ತೆ ಪ್ರಧಾನಿ. 2023ರ ಮೇನಲ್ಲಿ ಇನ್ನೊಂದು ಚುನಾವಣೆ. ಈ ಸಲ ಮೂವ್ ಫಾರ್ವರ್ಡ್ ಅನ್ನುವ ಪಕ್ಷ ಎಲ್ಲರಿಗಿಂತ ಹೆಚ್ಚು ಸೀಟು ಗೆದ್ದಿತು. ಪ್ರಧಾನಿಯನ್ನು ಆರಿಸಲು ಸೇನಾ ಆಡಳಿತ ನೇಮಿಸಿ ಹೋಗಿದ್ದ 250 ಸೆನೆಟರುಗಳೂ ಕೂತಿದ್ದರು. ಗೆದ್ದ ಪಕ್ಷದವನು ಪ್ರಧಾನಿಯಾಗಲಿಲ್ಲ. ಎರಡನೇ ಸ್ಥಾನದ ಪಕ್ಷ ಸೇನೆಗೆ ಹತ್ತಿರದವರ ಜೊತೆ ಸೇರಿ ಆಗಸ್ಟಿನಲ್ಲಿ ಸರ್ಕಾರ ಮಾಡಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಧಾರಾವಾಹಿಯ ಎರಡನೇ ಭಾಗ ಬಂತು. ಹೆಸರು 'ಪ್ರೋಮ್ ಲಿಖಿತ್'. ಇದನ್ನು ಕನ್ನಡ ಮಾಡಿ ಹೇಳುವ ಕಷ್ಟ ನನಗಿರಲಿಲ್ಲ. ಬ್ರಹ್ಮಲಿಖಿತ.

"ಬ್ರಹ್ಮ ಬರೆದದ್ದನ್ನ ಯಾರು ಅಳಿಸ್ತಾರೆ" ಅಂದಳು ಅಮ್ಮ.

"ಅಲ್ಲಿ ಬರೆದದ್ದು ಒಬ್ಬ ಬ್ರಹ್ಮ ಅಲ್ಲಮ್ಮ, 250 ಜನ."

"ಹಾಗಾದ್ರೆ ಅಕ್ಷರ ಕೋಳಿ ಕಾಲೇ ಆಗಿರುತ್ತೆ ಬಿಡು. ಮೊದಲನೇ ಕಂತು ಹಾಕು."